ಕಣ್ಣಿಲ್ಲದ ಹೋಳು

ಕೆಳಗಿನ ಮಡಿಗಳಲ್ಲಿ ಆಲೂಗಡ್ಡೆ ಸರಿಯಾಗಿ ಹುಟ್ಟಿಲ್ಲ ಎಂಬ ಸುದ್ದಿ ಫೆಸ್ಟಸ್ ಮುದುಕನಿಗೆ ಸಿಕ್ಕಿದ್ದು ಹೊಲದಲ್ಲಲ್ಲ, ಇಗರ್ಜಿಯ ಬಾಗಿಲಲ್ಲಿ. ಮೇ ತಿಂಗಳ ಕೊನೆಯ ಭಾನುವಾರ, ಪೂಜೆ ಮುಗಿದು ಗಂಡಸರೆಲ್ಲ ಕಲ್ಲುಗೋಡೆಗೆ ಬೆನ್ನು ಕೊಟ್ಟು ಪೈಪು ಹಚ್ಚುವ ಹೊತ್ತು. ಅವನ ಅಣ್ಣನ ಮಗ ಡಾಮಿನಿಕ್ ಎಲ್ಲರಿಗೂ ಕೇಳುವ ಹಾಗೆ ಅಂದ:

“ಏನ್ ಚಿಕ್ಕಪ್ಪಾ, ನಿಮ್ಮ ಕೆಳಗಿನ ಮಡಿಗೂ ವಯಸ್ಸಾಯ್ತಾ? ನಿಮ್ಮ ಬಾಯಿಗಿಂತ ಜಾಸ್ತಿ ಹಲ್ಲು ಉದುರಿವೆ!”

ಫೆಸ್ಟಸ್ ಎಲ್ಲರ ಜೊತೆ ತಾನೂ ನಕ್ಕ. ಅಷ್ಟು ಜನರ ಎದುರು ಇನ್ನೇನು ಮಾಡಿಯಾನು. ಆದರೆ ಮನೆಯ ದಾರಿಯುದ್ದಕ್ಕೂ ಹೆಂಡತಿ ಸೆಲಿಯಾಳ ತೋಳು ಹಿಡಿದುಕೊಂಡು ಬಿರಬಿರನೆ ನಡೆದ. ಎರಡು ಮೂರು ವರ್ಷದಿಂದ ಅವನು ಹೀಗೆ ಅವಳ ತೋಳು ಹಿಡಿದೇ ನಡೆಯುವುದು. ಈ ವಯಸ್ಸಿನಲ್ಲಿ ಮುದುಕನಿಗೆ ಹೆಂಡತಿ ಮೇಲೆ ಪ್ರೀತಿ ಉಕ್ಕಿದೆ ಎಂದು ನಾವು ಊರವರೆಲ್ಲ ಆಡಿಕೊಂಡು ನಗುತ್ತಿದ್ದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ.

ಮಧ್ಯಾಹ್ನದ ಊಟಕ್ಕೆ ಆಟ್ರಾಕ್ಟಾ ಬೇಯಿಸಿದ ಗಡ್ಡೆಯನ್ನು ಬುಟ್ಟಿಗೆ ಸುರಿದು ಮೇಜಿನ ನಡುವೆ ಇಟ್ಟಳು. ಜೊತೆಗೆ ಉಪ್ಪುಮೀನು, ಮಜ್ಜಿಗೆ. ಆಟ್ರಾಕ್ಟಾ ಮುದುಕನ ಒಬ್ಬಳೇ ಮಗಳು. ಹೊಟ್ಟೆ ಈಗಷ್ಟೇ ಕಾಣಿಸತೊಡಗಿತ್ತು. ಅವಳ ಗಂಡ ಮ್ಯಾಲಕಿ ಮನೆ ಅಳಿಯ. ಹಿಂದಿನ ಶರತ್ಕಾಲದಲ್ಲಿ ರಾಸ್‌ಕಾಮನ್ ಕಡೆಯಿಂದ ಒಂದು ಗಂಟು ಬಟ್ಟೆ, ಒಂದು ಸಲಿಕೆ ಹೊತ್ತು ಬಂದವನು. ಆ ಸಲಿಕೆಯದೇ ಒಂದು ಕಥೆ. ನಮ್ಮ ಊರಲ್ಲಿ ಸಲಿಕೆಗೆ ಕಾಲಿಡುವ ಮೆಟ್ಟು ಬಲಗಡೆ ಇರುತ್ತದೆ, ಅವನದಕ್ಕೆ ಎಡಗಡೆ. ಎಡಗಾಲಲ್ಲಿ ಅಗೆಯುವವನು ಎಂದರೆ ಐರ್ಲೆಂಡಿನ ಈ ಪಡುವಣ ತುದಿಯಲ್ಲಿ ಬೇರೆ ಮತದವನು ಎಂದರ್ಥ. ಮ್ಯಾಲಕಿ ನಮ್ಮ ಹಾಗೆಯೇ ಜಪಮಾಲೆ ಹಿಡಿಯುವವನು. ಆದರೂ ಬಂದ ವಾರದಲ್ಲೇ ಊರು ಅವನಿಗೆ ‘ಎಡಗಾಲ’ ಎಂದು ಹೆಸರಿಟ್ಟುಬಿಟ್ಟಿತು.

“ಕೆಳಗಿನ ಮಡಿ ನೆಟ್ಟಿದ್ದು ಯಾರು?” ಫೆಸ್ಟಸ್ ಕೇಳಿದ.

“ನಾನೇ ಮಾವ. ನಾನೂ ಆಟ್ರಾಕ್ಟಾನೂ.”

“ಯಾವ ಕಾಲಲ್ಲಿ?”

“ನಂಗಿರೋದು ಎರಡೇ ಕಾಲು. ಯಾವುದು ಸಿಕ್ತೋ ಅದ್ರಲ್ಲಿ.”

ಆಟ್ರಾಕ್ಟಾ ಕಿಸಕ್ಕನೆ ನಕ್ಕಳು.

“ನಗು ನಗು,” ಫೆಸ್ಟಸ್ ಮೇಜು ಗುದ್ದಿದ. ಮಜ್ಜಿಗೆ ಲೋಟ ಉರುಳುವ ಮೊದಲೇ ಸೆಲಿಯಾ ಹಿಡಿದಳು. “ಊರು ನಗ್ತಾ ಇದೆ, ನೀನ್ಯಾಕೆ ಬಿಡ್ತೀಯ. ನಮ್ಮಪ್ಪನ ಕಾಲದಿಂದ ಈ ಹೊಲದಲ್ಲಿ ಬೀಜದ ಒಂದು ಹೋಳೂ ಹುಟ್ಟದೆ ಹೋಗಿಲ್ಲ. ಇವನು ಕಾಲಿಟ್ಟ, ಮಡಿ ಬೋಳಾಯ್ತು!”

“ಮಾವ, ಮೇಲಿನ ಮಡೀನೂ ನಾನೇ ನೆಟ್ಟಿದ್ದು. ಅಲ್ಲಿ ಚೆನ್ನಾಗೇ ಬಂದಿದ್ಯಲ್ಲ?”

“ಎದುರು ಮಾತಾಡ್ಬೇಡ. ಕೇಳು ಅಳಿಯಪ್ಪ. ಮಾಲೆ ಭಾನುವಾರ ಬುಟ್ಟಿ ತುಂಬ್ಬೇಕು. ತುಂಬ್ಲಿಲ್ವೋ, ಈ ಜಮೀನು ಡಾಮಿನಿಕ್‌ಗೆ. ನೀನು ನಿನ್ನ ಎಡಗಾಲು ಎತ್ಕೊಂಡು ಬಂದ ದಾರಿ ಹಿಡಿ.”

“ನಾನು?” ಆಟ್ರಾಕ್ಟಾ ಎದ್ದು ನಿಂತಳು. “ನಾನೂ ಹೊಟ್ಟೇಲಿರೋದನ್ನ ಎತ್ಕೊಂಡು ಹೋಗ್ಲಾ ಅಪ್ಪಾ?”

ಫೆಸ್ಟಸ್ ಬುಟ್ಟಿಗೆ ಕೈಹಾಕಿ ಒಂದು ಗಡ್ಡೆ ತೆಗೆದು ಉಗುರಲ್ಲಿ ಸಿಪ್ಪೆ ಸುಲಿಯತೊಡಗಿದ.

ಮಾಲೆ ಭಾನುವಾರ ಜುಲೈ ತಿಂಗಳ ಕೊನೆಯ ಭಾನುವಾರ. ಅಲ್ಲಿಯವರೆಗೆ ಹೊಸ ಗಡ್ಡೆಗೆ ಸಲಿಕೆ ಹಾಕುವುದು ಮನೆಗೆ ಅವಮಾನ. ಹಳೆಯದು ಮುಗಿದುಹೋದರೂ ಕೋಸು ತಿಂದುಕೊಂಡು ಇರಬೇಕು. ಆ ದಿನ ಮನೆಯ ಯಜಮಾನ ಮೊದಲ ಬುಡ ಅಗೆದು ಕೊಟ್ಟದ್ದನ್ನು ಬೇಯಿಸಿ ಎಲ್ಲರೂ ಒಟ್ಟಿಗೆ ತಿನ್ನುತ್ತಾರೆ. ಚಳಿಗಾಲ ಹೇಗಿರುತ್ತದೆ ಎಂದು ಆ ಬುಟ್ಟಿ ನೋಡಿದರೇ ಗೊತ್ತಾಗುತ್ತದೆ.

ಮರುದಿನ ಮ್ಯಾಲಕಿ ಕೆಳಗಿನ ಮಡಿಗೆ ಇಳಿದು ಗಿಡ ಬಾರದ ಕಡೆ ಬೆರಳಲ್ಲೇ ಮಣ್ಣು ಕೆದಕಿದ. ಕೊಳೆತಿರಬೇಕು, ಇಲ್ಲ ಕಾಗೆ ಎತ್ತಿರಬೇಕು ಎಂದುಕೊಂಡಿದ್ದ. ನೋಡಿದರೆ ಬೀಜದ ಹೋಳು ಇಟ್ಟ ಜಾಗದಲ್ಲೇ, ಕಡಲಪಾಚಿಯ ಗೊಬ್ಬರದ ಮೇಲೆ, ಗಟ್ಟಿಯಾಗಿ ಕೂತಿತ್ತು. ಇನ್ನೊಂದು ಕಡೆ ಕೆದಕಿದ, ಮತ್ತೊಂದು ಕಡೆ ಕೆದಕಿದ. ಆಮೇಲೆ ಒಂದಷ್ಟನ್ನು ಟೋಪಿಯಲ್ಲಿ ಹಾಕಿಕೊಂಡು ಬಂದು, ಒಲೆಗೆ ಉರಿಸಲೆಂದು ಒಣಗಿಸಿ ಒಟ್ಟಿದ ಜೌಗುಮಣ್ಣಿನ ಹೆಂಟೆಗಳ ಮರೆಗೆ ಹೆಂಡತಿಯನ್ನು ಕರೆದ.

“ಇದ್ರಲ್ಲಿ ಕಣ್ಣೆಲ್ಲಿದೆ ತೋರ್ಸು.”

ಆಟ್ರಾಕ್ಟಾ ಹೋಳನ್ನು ಲಂಗಕ್ಕೆ ಒರೆಸಿ ತಿರುಗಿಸಿದಳು. “ಇದ್ರಲ್ಲಿಲ್ಲ.”

“ಇದ್ರಲ್ಲಿ?”

“ಇಲ್ಲ. ಇದ್ರಲ್ಲೂ ಇಲ್ಲ. ಅಯ್ಯೋ, ಬರೀ ಹೊಟ್ಟೆ ಭಾಗ! ಕಣ್ಣಿಲ್ದೆ ಮೊಳಕೆ ಎಲ್ಲಿಂದ ಬರ್ಬೇಕು?”

“ಹೆಚ್ಚಿದ್ದು ಯಾರು ಆಟ್ರಾಕ್ಟಾ?”

ಆ ಮನೆಯಲ್ಲಿ ಬೀಜದ ಗಡ್ಡೆ ಹೆಚ್ಚುವ ಚಾಕುವನ್ನು ಫೆಸ್ಟಸ್ ಬಿಟ್ಟರೆ ಬೇರೆಯವರು ಮುಟ್ಟುವಂತಿರಲಿಲ್ಲ. ಪ್ರತಿ ವರ್ಷ ಒಲೆ ಪಕ್ಕ ಕೂತು, ಹೋಳಿಗೊಂದು ಕಣ್ಣು ಉಳಿಯುವ ಹಾಗೆ ಅವನೇ ಹೆಚ್ಚುವುದು. ಪಕ್ಕದಲ್ಲಿ ಸೆಲಿಯಾ ಮಡಿಲು ಹಾಸಿ ಕೂತಿರುತ್ತಿದ್ದಳು. ಈ ಸಲ ಮಾತ್ರ ಕೊನೆಯ ಎರಡು ಮೂಟೆ ಹೆಚ್ಚುವಾಗ ಅವಳು ಇರಲಿಲ್ಲ. ಅಕ್ಕ ತೀರಿಕೊಂಡಳೆಂದು ಮಣ್ಣಿಗೆ ಹೋಗಿದ್ದಳು. ಆ ಎರಡು ಮೂಟೆ ಬಿದ್ದದ್ದು ಕೆಳಗಿನ ಮಡಿಗೆ.

ಆಟ್ರಾಕ್ಟಾ ಒಳಗೆ ಬಂದಾಗ ತಾಯಿ ಬೆಣ್ಣೆ ಕಡೆಯುತ್ತಿದ್ದಳು.

“ಅಮ್ಮಾ, ಅಪ್ಪನ ಕಣ್ಣು ಹೋಗಿದ್ಯಾ?”

ಸೆಲಿಯಾ ಕೈ ನಿಲ್ಲಿಸಲಿಲ್ಲ. “ಬೆಣ್ಣೆ ಕಡೆಯೋವಾಗ ಒಳಗೆ ಬಂದೋರು ಒಂದು ಕೈ ಹಾಕ್ಬೇಕು. ಗೊತ್ತಿಲ್ವಾ? ಹಿಡಿ.”

ಮಗಳು ಕಡೆಗೋಲು ಹಿಡಿದಳು. ತಾಯಿ ಸೊಂಟಕ್ಕೆ ಕೈಕೊಟ್ಟು ಕಿಟಕಿಯಾಚೆ ಒಮ್ಮೆ ನೋಡಿ ಬಂದಳು. ಫೆಸ್ಟಸ್ ಅಂಗಳದಲ್ಲಿ ಕತ್ತೆಯ ಮೈ ಸವರುತ್ತ ನಿಂತಿದ್ದ.

“ಪೂರ್ತಿ ಹೋಗಿಲ್ಲ. ಬೆಳಕು ಗೊತ್ತಾಗತ್ತೆ. ಬಾಗಿಲಲ್ಲಿ ಯಾರೋ ಬಂದ್ರು ಅಂತ ಗೊತ್ತಾಗತ್ತೆ, ಯಾರು ಅಂತ ಗೊತ್ತಾಗಲ್ಲ.”

“ಯಾವಾಗಿಂದ?”

“ಮೂರು ಚಳಿಗಾಲ ಆಯ್ತು. ಹೆಚ್ಚೋವಾಗ ಕಣ್ಣಿಲ್ಲದ ಹೋಳನ್ನೆಲ್ಲ ನಾನು ಮಡಿಲಿಗೆ ಜಾರ್ಸಿ ಹಂದಿಗೆ ಹಾಕ್ತಿದ್ದೆ. ಈ ಸಲ ನಮ್ಮಕ್ಕ ಸತ್ಲು. ಅವಳಿಗಾದ್ರೂ ಬೇರೆ ತಿಂಗಳು ಸಿಗ್ಲಿಲ್ವಾ.”

“ಡಾಕ್ಟ್ರಿಗೆ ತೋರಿಸ್ಬಾರ್ದಾ?”

“ನೀನೇ ಹೇಳಿ ನೋಡು. ಕಣ್ಣಿಗೆ ಹೊಗೆ ಹೋಗಿದೆ ಅಂತಾನೆ. ಬೇಸಿಗೇಲೂ ಹೊಗೆ, ಗುಡ್ಡದ ಮೇಲೂ ಹೊಗೆ.”

“ಹಾಗಂತ ಅಪ್ಪನ ತಪ್ಪಿಗೆ ನನ್ನ ಗಂಡ ಬೈಸ್ಕೋಬೇಕಾ? ನಾವು ಮನೆ ಬಿಡ್ಬೇಕಾ?”

“ಯಾರೂ ಬಿಡಲ್ಲ. ಮಿಕ್ಕಿದ್ದು ಚೆನ್ನಾಗಿದೆ, ಬುಟ್ಟಿ ತುಂಬತ್ತೆ. ಅಲ್ಲೀವರೆಗೆ ಬಾಯಿ ಮುಚ್ಕೊಂಡಿರಿ ಅಷ್ಟೆ.” ಸೆಲಿಯಾ ಮಗಳ ಕೈಯ ಮೇಲೆ ಕೈಯಿಟ್ಟಳು. “ಮೂಲೆ ಸೇರಿದ ಮುದುಕರನ್ನ ನಾನು ನೋಡಿದೀನಿ ಕಣೇ. ಅವರ ತಲೆ ಮೇಲೆ ಮಾತಾಡ್ತಾರೆ, ಆ ಕುರ್ಚೀಲಿ ಯಾರೂ ಇಲ್ಲ ಅನ್ನೋ ಹಾಗೆ. ನಿಮ್ಮಪ್ಪ ಅದನ್ನ ತಡ್ಕೊಳ್ಳಲ್ಲ.”

ಬೆಣ್ಣೆ ಆ ದಿನ ಬೇಗ ಕಟ್ಟಲಿಲ್ಲ. ಆಟ್ರಾಕ್ಟಾ ಗಂಡನಿಗೆ ಹೇಳಿದಳು, ಅವನು ಹಲ್ಲು ಕಚ್ಚಿಕೊಂಡು ಒಪ್ಪಿದ.

ಜೂನ್‌ನಲ್ಲಿ, ಸಂತ ಜಾನನ ಹಬ್ಬದ ಬೆಂಕಿ ಹಾಕಿದ ಮರುದಿನ, ಗಿಡಕ್ಕೆ ಅಂಗಮಾರಿ ರೋಗ ತಗುಲದ ಹಾಗೆ ಔಷಧಿ ಹೊಡೆಯುವ ಕೆಲಸ ಬಂತು. ಅಂಗಳದ ಪೀಪಾಯಿಯಲ್ಲಿ ಮೈಲುತುತ್ತ ಕರಗಿ ನೀಲಿಯಾಗಿ ನಿಂತಿತ್ತು. ಫೆಸ್ಟಸ್ ಅದಕ್ಕೆ ಬಟ್ಟೆ ಸೋಡಾದ ನೀರು ಸುರಿದು ಕೋಲಲ್ಲಿ ಕದಡಿದ. ಆಮೇಲೆ ಉಜ್ಜಿ ಬೆಳಗಿದ ಚಾಕುವನ್ನು ಅದ್ದಿ ಆಕಾಶಕ್ಕೆ ಹಿಡಿದ. ಅಲಗು ಬೆಳ್ಳಗೇ ಉಳಿದರೆ ಸರಿ. ಕೆಂಪಗೆ ತಾಮ್ರ ಕೂತರೆ ಸೋಡಾ ಸಾಲದು. ಹಾಗೇ ಹೊಡೆದರೆ ಎಲೆ ಸುಟ್ಟುಹೋಗುತ್ತದೆ.

ಮ್ಯಾಲಕಿ ಎರಡು ಹೆಜ್ಜೆ ಆಚೆ ನಿಂತಿದ್ದ. ಅಲಗು ಕೆಂಪಗಿತ್ತು.

ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ಸೆಲಿಯಾ ಕೆಮ್ಮಿದಳು.

“ಸೋಡಾ ಸಾಲ್ದು,” ಎಂದ ಫೆಸ್ಟಸ್, ದೊಡ್ಡ ವಿದ್ವಾಂಸನ ಹಾಗೆ. ಇನ್ನಷ್ಟು ಸುರಿದ, ಕದಡಿದ, ಚಾಕು ಒರೆಸಿ ಮತ್ತೆ ಅದ್ದಿ ಎತ್ತಿದ. ಸೆಲಿಯಾ ಮತ್ತೆ ಕೆಮ್ಮಿದಳು. ಮೂರನೇ ಸಲ ಅವಳು ಕೆಮ್ಮಲಿಲ್ಲ.

“ಈಗ ಸರಿಯಾಯ್ತು. ನೋಡ್ಕೊಂಡ್ಯಾ ಅಳಿಯಪ್ಪ? ನಿಮ್ಮ ರಾಸ್‌ಕಾಮನ್‌ನಲ್ಲಿ ಇದನ್ನ ನಾಲಿಗೇಲಿ ನೆಕ್ಕಿ ನೋಡ್ತೀರೇನೋ.”

“ನೋಡ್ಕೊಂಡೆ ಮಾವ,” ಎಂದ ಮ್ಯಾಲಕಿ. ಅವನು ನೋಡುತ್ತಿದ್ದದ್ದು ಅತ್ತೆಯ ಮುಖವನ್ನು. ಅವಳು ತಲೆ ತಗ್ಗಿಸಿ ಒಳಗೆ ಹೋದಳು.

ಮುದುಕ ಮುದುಕಿ ಇಬ್ಬರೂ ಈ ಕೆಮ್ಮಿನ ಗುಟ್ಟನ್ನು ಒಬ್ಬರಿಗೊಬ್ಬರು ಯಾವತ್ತೂ ಬಾಯಿಬಿಟ್ಟು ಆಡಿದವರಲ್ಲವಂತೆ. ಏನಾದರೂ ಸರಿಯಿಲ್ಲದಿದ್ದರೆ ಅವಳು ಕೆಮ್ಮುತ್ತಿದ್ದಳು, ಅವನು ಕೇಳಿಸಿಕೊಳ್ಳುತ್ತಿದ್ದ. ಪಕ್ಕದ ಮನೆಯ ನಾನಾದರೋ ಅವಳಿಗೆ ಎದೆ ಕಟ್ಟಿದೆ ಎಂದುಕೊಂಡು ಎಷ್ಟೋ ಸಲ ಜೇನುತುಪ್ಪ ಕೊಟ್ಟು ಕಳಿಸಿದ್ದೆ.

ಜುಲೈ ಬಂದಾಗ ಹಳೆಯ ಗಡ್ಡೆ ಮುಗಿಯಿತು. ಮೇಜಿನ ಮೇಲೆ ಕೋಸು, ಸೋಡಾ ರೊಟ್ಟಿ, ಮತ್ತೆ ಕೋಸು. ಹೊಟ್ಟೆ ತುಂಬದಿದ್ದರೆ ಮಾತು ಹೆಚ್ಚು. ಫೆಸ್ಟಸ್ ಒಂದು ಮಧ್ಯಾಹ್ನ ಡಾಮಿನಿಕ್‌ನನ್ನು ಚಹಾಕ್ಕೆ ಕರೆಸಿದ. ಡಾಮಿನಿಕ್ ಭಾನುವಾರದ ಬೂಟು ಹಾಕಿಕೊಂಡು ಬಂದ. ಒಳಗೆ ಬರುವ ಮೊದಲು ಹೊಲದ ಸುತ್ತ ಒಂದು ಸುತ್ತು ಹಾಕಿದ್ದ.

“ಕೆಳಗಿನ ಗೋಡೆ ಬಿದ್ದಿದೆ ಚಿಕ್ಕಪ್ಪಾ. ಎತ್ತರಿಸ್ಬೇಕು.”

“ನೀನೇ ಎತ್ತರಿಸ್ಕೋ. ಇನ್ನು ನಿಂದೇ ಅಲ್ವಾ,” ಎಂದ ಫೆಸ್ಟಸ್. “ನಮ್ಮ ಅಳಿಯಪ್ಪನ ಎಡಗಾಲು ತಗುಲಿದ ಕಲ್ಲೂ ಬೀಳತ್ತೆ, ಬಿತ್ತಿದ ಬೀಜಾನೂ ಕೊಳೆಯತ್ತೆ.”

ಮ್ಯಾಲಕಿ ರೊಟ್ಟಿ ಮುರಿಯುತ್ತ ಕೂತಿದ್ದ. ಕಿವಿ ಕೆಂಪಾಯಿತು, ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಆಟ್ರಾಕ್ಟಾಗೆ ಅಷ್ಟು ಉರಿಯುತ್ತಿರಲಿಲ್ಲ. ಅವಳು ಎದ್ದು ಹೊರಗೆ ಹೋದಳು. ಚಹಾ ಆರುವಷ್ಟರಲ್ಲಿ ವಾಪಸ್ಸು ಬಂದು, ಮಡಿಲಲ್ಲಿದ್ದ ಮಣ್ಣು ಮೆತ್ತಿದ ಹೋಳುಗಳನ್ನು ತಂದೆಯ ತಟ್ಟೆಯ ಪಕ್ಕ ಸುರಿದಳು.

“ಬೇಡ ಆಟ್ರಾಕ್ಟಾ,” ಎಂದಳು ಸೆಲಿಯಾ.

“ಕೊಳೆತಿಲ್ಲ ಅಪ್ಪಾ. ಮುಟ್ಟಿ ನೋಡು. ಇದ್ರಲ್ಲಿ ಕಣ್ಣು ಎಲ್ಲಿದೆ, ಹುಡ್ಕು.”

ಫೆಸ್ಟಸ್ ಒಂದನ್ನು ಎತ್ತಿ ಹೆಬ್ಬೆರಳಲ್ಲಿ ಸವರಿದ. ಇನ್ನೊಂದನ್ನು ಎತ್ತಿದ. ಮುದುಕನ ಮುಖದಲ್ಲಿ ಮೊದಲು ಸಿಟ್ಟು ಕಂಡಿತು.

“ಯಾವ ಗೂಬೆ ಇದನ್ನ ಹೆಚ್ಚಿದ್ದು?”

ಕೈಯಲ್ಲಿದ್ದ ಹೋಳಿನ ಮೇಲೆ ಅವನ ಹೆಬ್ಬೆರಳು ಇನ್ನೂ ಕಣ್ಣು ಹುಡುಕುತ್ತಲೇ ಇತ್ತು. ಆಮೇಲೆ ನಿಂತಿತು.

“ಸೆಲಿಯಾ, ನಿಂಗೆ ಗೊತ್ತಿತ್ತಾ ಇದು?”

“ಗೊತ್ತಿತ್ತು ಫೆಸ್ಟಸ್.”

“ಈ ಅಳಿಯನಿಗೆ?”

“ಅವನಿಗೂ.”

ಡಾಮಿನಿಕ್ ಹಸು ಕರೆಯುವ ಹೊತ್ತಾಯಿತು ಎಂದು ಟೋಪಿ ಎತ್ತಿಕೊಂಡು ಹೊರಟ. ಹಸು ಕರೆಯಲು ಇನ್ನೂ ಎಷ್ಟೋ ಹೊತ್ತಿತ್ತು. ಸಂಜೆಯಾಗುವುದರೊಳಗೆ ಊರಿಗೆಲ್ಲ ಗೊತ್ತಾಯಿತು, ಅದರ ಪುಣ್ಯ ಅವನಿಗೇ ಸೇರಲಿ. ಫೆಸ್ಟಸ್ ಕಪಾಟಿನ ಮೇಲಿನ ಚಾಕುವನ್ನು ತಡಕಿ ತೆಗೆದು ಮ್ಯಾಲಕಿಯ ಮುಂದೆ ಇಟ್ಟ.

“ಇನ್ನು ನೀನೇ ನೋಡ್ಕೋ,” ಎಂದ. “ಜಮೀನೂ ನಿಂದೇ. ಬುಟ್ಟಿ ತುಂಬೋದೂ ನಿಂದೇ.”

ಆಮೇಲಿನ ದಿನಗಳಲ್ಲಿ ಸೆಲಿಯಾ ಹೇಳಿದ್ದು ಹೇಳಿದ ಹಾಗೇ ಆಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಮುದುಕನ ಕುರ್ಚಿಯನ್ನು ಒಲೆಯ ಮೂಲೆಗೆ ಸರಿಸಿದರು, ಕಾಲಿಗೆ ಸಿಕ್ಕುತ್ತದೆ ಎಂದು. ಅವನ ತಟ್ಟೆಯ ಮೀನನ್ನು ಮಗಳೇ ಮುಳ್ಳು ಬಿಡಿಸಿ ಕೊಡತೊಡಗಿದಳು. ಹೊಲದ ಮಾತೆಲ್ಲ ಮ್ಯಾಲಕಿಯೂ ಆಟ್ರಾಕ್ಟಾಳೂ ಆಡಿಕೊಳ್ಳುವರು, ಮುದುಕ ನಡುವೆ ಬಾಯಿ ಹಾಕಿದರೆ “ಆಯ್ತು ಅಪ್ಪಾ, ಆಯ್ತು” ಎನ್ನುವರು. ಮ್ಯಾಲಕಿ ಒಳ್ಳೆಯವನೇ. ಆದರೆ ಅಷ್ಟು ದಿನ ಬೈಸಿಕೊಂಡವನಿಗೆ ಯಜಮಾನಿಕೆ ಸ್ವಲ್ಪ ರುಚಿಸಿತು. ಪೈಪು ಸೇದುವುದನ್ನೂ ಕಲಿತ.

ಮಾಲೆ ಭಾನುವಾರಕ್ಕೆ ವಾರದ ಮೇಲೆ ಉಳಿದಿತ್ತು. ಕಡಲಿಂದ ಬೆಚ್ಚಗಿನ ಮಂಜು ಏರಿ ಬಂದು ಹೊಲದ ಮೇಲೆ ಕೂತದ್ದು ಏಳಲೇ ಇಲ್ಲ. ಬಟ್ಟೆ ಒಣಗುತ್ತಿರಲಿಲ್ಲ, ಉಪ್ಪು ನೀರಾಗಿತ್ತು. ಸೆಲಿಯಾ ಗಂಡನನ್ನು ಹೊರಗೆ ಗೋಡೆಯ ಮೇಲೆ ಕೂರಿಸಿ ಕೋಳಿಗೆ ಕಾಳು ಹಾಕಲು ಹೋಗಿದ್ದಳು. ಅವನು ಕೂಗಿದ ರಭಸಕ್ಕೆ ಮ್ಯಾಲಕಿ ಕೊಟ್ಟಿಗೆಯಿಂದ ಓಡಿ ಬಂದ.

“ಏನಾಯ್ತು ಮಾವ? ಬಿದ್ರಾ?”

“ವಾಸನೆ ಬರ್ತಿಲ್ವಾ ನಿಂಗೆ?”

“ಯಾವ ವಾಸನೆ?”

“ಅಂಗಮಾರಿ. ಕೆಳಗಿನ ಮಡಿಯಿಂದ ಬರ್ತಿದೆ. ಸೊಪ್ಪು ಕೊಳೀತಿರೋ ಸೀ ನಾತ. ನಾನು ಚಿಕ್ಕೋನಿದ್ದಾಗ ಒಂದು ಸಲ ಬಂದಿತ್ತು. ಆ ನಾತ ನಾನು ಸಾಯೋವರೆಗೂ ಮರೆಯಲ್ಲ.”

ಮ್ಯಾಲಕಿ ಮೂಗೆತ್ತಿ ನೋಡಿದ. ಆಟ್ರಾಕ್ಟಾಳೂ ಹೊರಗೆ ಬಂದಳು.

“ಹಂದಿಯ ಕಲಗಚ್ಚು ಇರ್ಬೇಕು ಅಪ್ಪಾ,” ಎಂದಳು.

“ಕಲಗಚ್ಚಂತೆ! ಹಂದಿ ನಾತ ಗೊತ್ತಾಗಲ್ವಾ ನಂಗೆ? ಅಳಿಯಪ್ಪ, ನನ್ ಮಾತು ಕೇಳು. ಈಗ್ಲೇ ಹೋಗಿ ಕೆಳಗಿನ ಮಡಿಯ ಸೊಪ್ಪನ್ನ ಬುಡಕ್ಕೇ ಕೊಯ್ದು ಹೊತ್ತು ಆಚೆ ಹಾಕು. ಮಿಕ್ಕಿದ್ದಕ್ಕೆ ಇನ್ನೊಂದು ಸಲ ಔಷಧಿ ಹೊಡಿ. ಮಳೆ ಬಂದ್ರೆ ಅದು ಎಲೆಯಿಂದ ಗಡ್ಡೆಗೆ ಇಳಿಯತ್ತೆ.”

ಮ್ಯಾಲಕಿ ಗೋಡೆಯ ತನಕ ಹೋಗಿ ನೋಡಿದ. ಹೊಲ ಅಚ್ಚ ಹಸಿರಾಗಿ, ಬಿಳಿ ಹೂ ಬಿಟ್ಟುಕೊಂಡು ನಿಂತಿತ್ತು.

“ಏನೂ ಇಲ್ಲ ಮಾವ. ಎಲ್ಲ ಹಸಿರಾಗಿದೆ.”

“ಒಳಗಿಳಿದು ಕೆಳಗಿನ ಎಲೆ ಎತ್ತಿ ನೋಡಿದ್ಯಾ?”

“ನೋಡ್ದೆ.”

ನೋಡಿರಲಿಲ್ಲ. ಬೂಟು ಒದ್ದೆಯಾಗುತ್ತದೆ ಎಂದೋ, ಕುರುಡನ ಮಾತಿಗೆ ಹೊಲವೆಲ್ಲ ಬಾಗಿ ನೋಡುವುದೇ ಎಂದೋ, ಆ ಒಂದು ಮಾತನ್ನು ಸುಮ್ಮನೆ ಆಡಿಬಿಟ್ಟ. “ಈಗ ಸೊಪ್ಪು ಕೊಯ್ದ್ರೆ ಗಡ್ಡೆ ಬೆಳೆಯೋದೇ ನಿಂತುಹೋಗತ್ತೆ ಮಾವ. ಹಬ್ಬದ ದಿನ ಗೋಲಿ ತಿನ್ಬೇಕಾಗತ್ತೆ. ರೇಡಿಯೋದಲ್ಲೂ ಏನೂ ಹೇಳಿಲ್ಲ.”

“ರೇಡಿಯೋಗೆ ಮೂಗಿದ್ಯಾ?”

“ಕಣ್ಣಿರೋನು ನೋಡಿ ಹೇಳ್ತಿದೀನಲ್ಲ ಮಾವ!”

ಮಾತು ಬಾಯಿಂದ ಬಿದ್ದುಹೋಯಿತು. ಆಟ್ರಾಕ್ಟಾ ಗಂಡನ ತೋಳು ಚಿವುಟಿದಳು. ಫೆಸ್ಟಸ್ ಗೋಡೆ ತಡವಿಕೊಂಡು ಇಳಿದು ಒಳಗೆ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತ.

ಸೆಲಿಯಾ ಕುಡುಗೋಲು ತೆಗೆದುಕೊಂಡು ಕೆಳಗಿನ ಮಡಿಗೆ ಇಳಿದು ತಾನೇ ಸೊಪ್ಪು ಕೊಯ್ಯತೊಡಗಿದಳು. ಅರ್ಧ ಮಡಿ ಮುಗಿಯುವ ಮೊದಲೇ ಮ್ಯಾಲಕಿ ಬಂದು ಅವಳ ಕೈಯಿಂದ ಕುಡುಗೋಲು ಇಸಿದುಕೊಂಡ. “ಅತ್ತೇ, ಮೊದಲೇ ಕೆಳಗಡೆ ಬೋಳಾಗಿದೆ. ಇರೋದನ್ನೂ ಹಾಳ್ ಮಾಡ್ಬೇಡಿ. ಚಳಿಗಾಲಕ್ಕೆ ತಿನ್ನೋಕೆ ಇಷ್ಟೇ ಇರೋದು. ಮಗು ಬೇರೆ ಬರ್ತಿದೆ.” ಅವಳು ಬರಿಗೈಯಲ್ಲಿ ಮನೆಗೆ ಬಂದಳು. ನಾನು ನನ್ನ ಅಂಗಳದಿಂದ ಎಲ್ಲ ನೋಡುತ್ತಿದ್ದೆ. ನನ್ನ ಮೂಗಿಗೂ ಏನೂ ಬಂದಿರಲಿಲ್ಲ.

ಮರುದಿನ ಮಳೆ ಹಿಡಿಯಿತು. ಮಳೆ ನಿಂತ ಬೆಳಿಗ್ಗೆ ಎಲೆಗಳ ಮೇಲೆ ಕಂದು ಚುಕ್ಕಿ ಎದ್ದಿದ್ದವು. ತಿರುಗಿಸಿದರೆ ಕೆಳಗೆ ಬಿಳಿ ಬೂಷ್ಟು. ಮಾರನೆಯ ದಿನ ಕೆಳಗಿನ ಮಡಿ ಕಪ್ಪಗೆ ಮಲಗಿತ್ತು. ಆಗ ನಾತ ಊರಿಗೆಲ್ಲ ಬಂತು. ಬಾಗಿಲು ಹಾಕಿದರೂ ಬಂತು. ಮ್ಯಾಲಕಿ ಹುಚ್ಚನ ಹಾಗೆ ಸೊಪ್ಪು ಕೊಯ್ದ, ಹೊತ್ತ, ಪೀಪಾಯಿ ಕದಡಿದ, ಚಾಕು ಅದ್ದಿ ನೋಡಿದ, ಮೇಲಿನ ಮಡಿಗೆಲ್ಲ ಹೊಡೆದ. ಆಟ್ರಾಕ್ಟಾ ಭಾರದ ಹೊಟ್ಟೆ ಹೊತ್ತುಕೊಂಡೇ ಅವನ ಹಿಂದೆ ನೀರು ಹೊತ್ತಳು. ಎಲೆ ಹೋದರೆ ಹೋಗಲಿ, ಗಡ್ಡೆಗೆ ಇಳಿಯದಿದ್ದರೆ ಸಾಕು ಎಂದು ಜಪಮಾಲೆ ಹಿಡಿದಾಗಲೆಲ್ಲ ಬೇಡಿಕೊಂಡರು. ಫೆಸ್ಟಸ್ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅಳಿಯನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಮಾಲೆ ಭಾನುವಾರ ಬಂತು. ಪೂಜೆಯಿಂದ ಬಂದವರೇ ಹೊಲಕ್ಕೆ ಇಳಿದರು. ಸೆಲಿಯಾ ಗಂಡನನ್ನು ಕೈಹಿಡಿದು ತಂದು ಗೋಡೆಯ ಮೇಲೆ ಕೂರಿಸಿದಳು. ಆಟ್ರಾಕ್ಟಾ ಬುಟ್ಟಿ ಹಿಡಿದು ನಿಂತಳು. ಒಲೆಯ ಮೇಲೆ ನೀರು ಆಗಲೇ ಕುದಿಯಲು ಇಟ್ಟಾಗಿತ್ತು.

“ಅಗಿ ಮಗಾ,” ಎಂದ ಫೆಸ್ಟಸ್. ಅವನು ಮ್ಯಾಲಕಿಯನ್ನು ಹಾಗೆ ಕರೆದದ್ದು ಅದೇ ಮೊದಲು. “ಯಾವ ಕಾಲಲ್ಲಾದ್ರೂ ಅಗಿ.”

ಮ್ಯಾಲಕಿ ಮೇಲಿನ ಮಡಿಯಲ್ಲಿ, ಎಲ್ಲಕ್ಕಿಂತ ದಪ್ಪ ಕಾಂಡವಿದ್ದ ಬುಡ ಹುಡುಕಿ ಸಲಿಕೆ ಇಳಿಸಿದ, ಎಡಗಾಲಲ್ಲಿ ಮೆಟ್ಟಿದ. ಮಣ್ಣು ಮಗುಚಿತು. ಗಡ್ಡೆಗಳು ಒಳ್ಳೆ ಗಾತ್ರಕ್ಕೆ ಬಂದಿದ್ದವು. ಅವನು ಬಾಗಿ ಒಂದನ್ನು ಎತ್ತಿದ, ಹೆಬ್ಬೆರಳು ಒಳಗೆ ಹೂತುಹೋಯಿತು. ಇನ್ನೊಂದನ್ನು ಎತ್ತಿದ. ಪಕ್ಕದ ಬುಡ ಅಗೆದ, ಅದರ ಪಕ್ಕದ್ದು ಅಗೆದ. ಆಟ್ರಾಕ್ಟಾ ಬುಟ್ಟಿಯನ್ನು ನೆಲಕ್ಕಿಟ್ಟು ಬಾಯಿಗೆ ಶಾಲಿನ ಅಂಚು ಒತ್ತಿಕೊಂಡಳು.

“ಹೇಗಿದೆ?” ಗೋಡೆಯ ಮೇಲಿಂದ ಫೆಸ್ಟಸ್ ಕೇಳಿದ.

ಮ್ಯಾಲಕಿ ಕೈಯನ್ನು ಹುಲ್ಲಿಗೆ ಒರೆಸಿಕೊಂಡ. ಒರೆಸಿಯೇ ಒರೆಸಿದ.

“ಚೆನ್ನಾಗಿದೆ ಮಾವ,” ಎಂದ. “ಬುಟ್ಟಿ ತುಂಬತ್ತೆ.”

ಫೆಸ್ಟಸ್ ಮುಖ ಎತ್ತಿಕೊಂಡು, ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಕಡೆಗೆ ಕಿವಿ ತಿರುಗಿಸಿ ಕಾದ.

ಸೆಲಿಯಾ ಕೆಮ್ಮಿದಳು.